ಪೂರ್ವದ ಗೇಟಿನ ವರ್ಲಿ

ಹ್ಯೂಸ್ಟನ್‌ನ ಹಡಗು ಕಾಲುವೆಯ ದಂಡೆಯಲ್ಲಿ, ಎಣ್ಣೆ ಕಾರ್ಖಾನೆಯೊಂದರ ಪೂರ್ವದ ಗೇಟು ಕಾಯುತ್ತಿದ್ದವಳು ವರ್ಲಿ ಟಾಲಿವರ್. ಅವಳು ಹುಟ್ಟಿದ್ದು ಬೇಲಿಯ ಆಚೆ, ಕಪ್ಪು ಜನರ ಕೇರಿಯಲ್ಲಿ. ಅವಳ ಅಪ್ಪ, ಅಜ್ಜ, ಮುತ್ತಜ್ಜ ಮಲಗಿದ್ದದ್ದು ಬೇಲಿಯ ಈಚೆ, ಎರಡು ದೊಡ್ಡ ಟ್ಯಾಂಕುಗಳ ನಡುವಿನ ಪುಟ್ಟ ಸ್ಮಶಾನದಲ್ಲಿ. ಕಾರ್ಖಾನೆ ಆಮೇಲೆ ಬಂದದ್ದು. ಬಂದವರು ನೆಲ ಕೊಂಡರು, ಸುತ್ತ ತಂತಿ ಎಳೆದರು, ಕೊನೆಗೆ ಗೋರಿ ನೋಡಲು ಬಂದ ಮಕ್ಕಳನ್ನೇ ಹೊರಗಿನವರು ಎಂದರು.

ನ್ಯೂಯಾರ್ಕಿನ ಗೋಪುರಗಳು ಉರುಳಿದ ಮೇಲೆ ಕಾನೂನಿನ ಮೇಲೆ ಕಾನೂನು ಬಂತು. ಕಾಲುವೆಯ ಕಾರ್ಖಾನೆಗಳೆಲ್ಲ ಒಟ್ಟಾಗಿ ಕ್ಯಾಮೆರಾ ಇಡಬೇಕು, ಗಸ್ತಿನ ದೋಣಿ ಓಡಿಸಬೇಕು, ಗುರುತಿನ ಕಾರ್ಡಿಲ್ಲದೆ ನೊಣವನ್ನೂ ಒಳಗೆ ಬಿಡಬಾರದು. ಆದರೆ ಬೇಲಿ ಎಷ್ಟೇ ಎತ್ತರವಾದರೂ ಒಳಗಿನ ಹೊಗೆಯನ್ನು ತಡೆಯಲಿಲ್ಲ. ಸೈರನ್ ಕೂಗಿದಾಗೆಲ್ಲ ಕೇರಿಯವರು ಕಿಟಕಿ ಸಂದಿಗೆ ಒದ್ದೆ ಟವಲು ತುರುಕಿ ಮನೆಯೊಳಗೆ ಕೂರುತ್ತಿದ್ದರು. ಯಾರಿಂದ ಯಾರಿಗೆ ಭದ್ರತೆ ಎಂದು ಕೇಳಿದರೆ ಸರ್ಕಾರದಲ್ಲೂ ಉತ್ತರವಿರಲಿಲ್ಲ, ಕಾರ್ಖಾನೆಯಲ್ಲೂ ಇರಲಿಲ್ಲ.

ವರ್ಲಿ ಆ ಕೆಲಸಕ್ಕೆ ಸೇರಿದ್ದೇ ತಾಯಿ ಯೂಲಾಳಿಗಾಗಿ. ಕಾನೂನಿನಂತೆ, ಕಾರ್ಡಿದ್ದವರು ಜೊತೆಗಿದ್ದರೆ ಕಾರ್ಡಿಲ್ಲದವರು ಭಾನುವಾರ ಗೋರಿಗೆ ಹೋಗಿಬರಬಹುದಿತ್ತು. ಚರ್ಚು ಮುಗಿದ ಮೇಲೆ ಯೂಲಾ ಹ್ಯಾಟು ತೆಗೆಯದೆ ನೇರ ಗೇಟಿಗೆ ಬರುವಳು. ವರ್ಲಿ 'ಸಂದರ್ಶಕರು' ಎಂದು ಬರೆದ ಕೆಂಪು ಬಿಲ್ಲೆಯನ್ನು ತಾಯಿಯ ಕೊರಳಿಗೆ ಹಾಕಿ, ಹೊರಗೆ ಬರುವಾಗ ವಾಪಸ್ ಪಡೆಯುವಳು.

"ನಾನು ಸಂದರ್ಶಕಳಂತೆ. ನನ್ನ ಗಂಡ ಮಲಗಿರೋ ಜಾಗಕ್ಕೆ," ಎಂದು ಯೂಲಾ ಪ್ರತಿವಾರ ಗೊಣಗುವಳು. "ಒಂದಿನ ಒಳಗೆ ಹೋದೋಳು ಈ ಬಿಲ್ಲೆ ವಾಪಸ್ ಕೊಡಲ್ಲ ಕಣೇ, ನೋಡ್ತಿರು."

"ಕೊಡ್ದಿದ್ರೆ ನನ್ನ ಸಂಬಳಕ್ಕೆ ಕತ್ತರಿ ಬೀಳತ್ತಮ್ಮ."

"ಬೀಳ್ಲಿ ಬಿಡು. ಈ ಕೆಟ್ಟ ಗಾಳಿ ಕುಡಿದಿದ್ದಕ್ಕೆ ನಂಗ್ಯಾರು ಸಂಬಳ ಕೊಟ್ರು?"

ವಸಂತದ ಒಂದು ಬೆಳಿಗ್ಗೆ ಯೂಲಾ ಅರ್ಧ ಕುಡಿದ ಕಾಫಿ ಬಟ್ಟಲ ಮುಂದೆಯೇ ತಲೆ ವಾಲಿಸಿ ಪ್ರಾಣಬಿಟ್ಟಳು. ವರ್ಲಿ ಕಣ್ಣೊರೆಸಿಕೊಂಡು ಮ್ಯಾನೇಜರ್ ಹ್ಯಾಡಕ್‌ನ ಕೋಣೆಗೆ ಹೋದಳು. ಅವಳ ಜನರಲ್ಲಿ ಗುಣಿಯನ್ನು ಬಾಡಿಗೆಯವರು ತೋಡುವುದಿಲ್ಲ. ಮನೆಯ ಗಂಡಸರು ಸರದಿಯ ಮೇಲೆ ಗುದ್ದಲಿ ಹಿಡಿಯುತ್ತಾರೆ, ಮುಚ್ಚುವಾಗ ಎಲ್ಲರೂ ಮಣ್ಣು ಹಾಕುತ್ತಾರೆ. ಸತ್ತವರು ಕೊನೆಗೆ ಮುಟ್ಟಿದ ಬಟ್ಟಲನ್ನು ಒಡೆದು ಗೋರಿಯ ಮೇಲಿಡುತ್ತಾರೆ. ಇಲ್ಲದಿದ್ದರೆ ಮನೆಯಲ್ಲಿ ಇನ್ನೊಬ್ಬರು ಹಿಂದೆಯೇ ಹೋಗುತ್ತಾರೆಂಬ ಭಯ.

ಹ್ಯಾಡಕ್ ಬೆಣ್ಣೆಯಂತೆ ಮಾತಾಡುವವನು. "ತುಂಬಾ ಬೇಜಾರಾಯ್ತು ಮಿಸ್ ವರ್ಲಿ. ಆದ್ರೆ ನೋಡಲು ಬರೋದು ಬೇರೆ, ಅಗೆಯೋದು ಬೇರೆ. ಅಗೆಯೋಕೆ ಅನುಮತಿ ಬೇಕು. ನಮ್ಮ ಗುತ್ತಿಗೆದಾರರು ಯಂತ್ರ ತಂದು ತೋಡಿ ಮುಚ್ತಾರೆ. ನಿಮ್ಮ ಕಡೆಯಿಂದ ಒಬ್ಬರು ನಿಂತು ನೋಡಬಹುದು."

"ಯಂತ್ರದ ಚಕ್ರ ನಮ್ಮಜ್ಜನ ಗೋರಿ ಮೇಲೇ ಹಾದು ಬರ್ಬೇಕು ಸಾರ್."

"ಭದ್ರತೆ ನಿಯಮ. ನನ್ನ ಕೈಲೇನಿದೆ?"

"ಭಾನುವಾರ ಬಿಡೋ ಕಾನೂನು ಮಣ್ಣಿಗಿಡೋದು ಬೇಡ ಅಂದಿದ್ಯಾ?"

"ಅದೆಲ್ಲ ಕೇಳೋಕೆ ತಿಂಗಳುಗಟ್ಟಲೆ ಹಿಡಿಯತ್ತೆ. ಹೆಣ ಇಟ್ಕೊಂಡು ಕೂರೋಕಾಗತ್ತಾ?"

ವರ್ಲಿಗೆ ಮೈಯೆಲ್ಲ ಉರಿದುಹೋಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತೆ, ಕಾನೂನು ಬಿಟ್ಟದ್ದನ್ನೂ ಈ ನಯವಾದ ನಾಲಿಗೆಯವನು ಬಿಡಲೊಲ್ಲ. ಅವನಿಗಿಂತ ಹೆಚ್ಚಾಗಿ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಹೆತ್ತವಳ ಕೊರಳಿಗೆ ಅಷ್ಟು ವರ್ಷ ಕೆಂಪು ಬಿಲ್ಲೆ ಹಾಕಿದ ಕೈ ಅವಳದೇ ಆಗಿತ್ತು.

"ಮಣ್ಣು ಮಾಡೋದು ಶನಿವಾರ. ಅವತ್ತು ಬೆಳಗಿನ ಪಾಳಿ ನಂಗೇ ಹಾಕಿ ಸಾರ್," ಎಂದಳು.

"ಅವತ್ತೂ ಕೆಲಸಕ್ಕೆ ಬರ್ತೀರಾ?" ಹ್ಯಾಡಕ್‌ಗೆ ಹಿಗ್ಗು. "ಇದಪ್ಪ ನಿಷ್ಠೆ ಅಂದ್ರೆ. ಯಂತ್ರದೋರಿಗೆ ಮಧ್ಯಾಹ್ನಕ್ಕೆ ಬರೋಕೆ ಹೇಳ್ತೀನಿ."

ಶನಿವಾರ ಬಿಸಿಲೇರುವ ಹೊತ್ತಿಗೆ ಶವದ ಗಾಡಿ ಬಂತು. ಹಿಂದೆ ಸಾಲಾಗಿ ಪಿಕಪ್ ಗಾಡಿಗಳು, ಅವುಗಳ ತುಂಬ ಗುದ್ದಲಿ, ಸಲಿಕೆ, ಕಪ್ಪು ಸೂಟಿನ ಗಂಡಸರು, ಬಿಳಿ ಕೈಗವಸಿನ ಹೆಂಗಸರು. ಮುಂದೆ ನಿಂತಿದ್ದವನು ಸೋದರಮಾವ ಆರ್ಲಿಸ್. ವರ್ಲಿ ಸಮವಸ್ತ್ರದಲ್ಲೇ ಗೇಟು ತೆರೆದಳು.

"ನಿನ್ನ ಕೆಲಸ ಹೋಗತ್ತೆ ಮಗಳೇ," ಎಂದ ಆರ್ಲಿಸ್.

"ಹೋಗ್ಲಿ ಮಾವ. ಬಿಲ್ಲೆ ಹಾಕ್ಕೊಂಡು ಒಳಗೆ ನಡಿ."

ಎಲ್ಲರ ಕೊರಳಿಗೂ ಒಂದೊಂದು ಕೆಂಪು ಬಿಲ್ಲೆ ಬಿತ್ತು. ಪಾದ್ರಿಯ ಕೊರಳಿಗೂ ಬಿತ್ತು. ಕೊನೆಯದನ್ನು ವರ್ಲಿ ಶವಪೆಟ್ಟಿಗೆಯ ಹಿಡಿಗೆ ಕಟ್ಟಿದಳು. ತಾಯಿ ಇದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದಳು.

ಗೋರಿಗಳ ನಡುವಿನ ಮಣ್ಣಿನಲ್ಲಿ ಗುದ್ದಲಿಗೆ ತಾಗುವ ಕಾರ್ಖಾನೆಯ ಪೈಪೂ ಇರಲಿಲ್ಲ, ತಂತಿಯೂ ಇರಲಿಲ್ಲ. ಗಂಡಸರು ಕೋಟು ಬಿಚ್ಚಿಟ್ಟು ಅಗೆದರು, ಹೆಂಗಸರು ಹಾಡಿದರು. ಟ್ಯಾಂಕಿನ ಮೇಲಿನ ಕ್ಯಾಮೆರಾ ಕತ್ತು ತಿರುಗಿಸಿ ಎಲ್ಲವನ್ನೂ ನೋಡಿತು. ಪೆಟ್ಟಿಗೆ ಇಳಿಯಿತು, ಮಣ್ಣು ತುಂಬಿತು, ಆರ್ಲಿಸ್ ಕಾಫಿ ಬಟ್ಟಲನ್ನು ಕಲ್ಲಿಗೆ ಕುಕ್ಕಿ ಒಡೆದು ದಿಬ್ಬದ ಮೇಲಿಟ್ಟ. ಹ್ಯಾಡಕ್ ಕಾರಿನಿಂದ ಇಳಿದು ಓಡಿ ಬರುವಷ್ಟರಲ್ಲಿ ಮಾಡಲು ಏನೂ ಉಳಿದಿರಲಿಲ್ಲ.

"ಎಲ್ಲರೂ ಈಗಲೇ ಹೊರಗೆ," ಎಂದ ಅವನು, ಮುಖ ಕೆಂಪಾಗಿ. ಜನ ಸಾಲಾಗಿ ಬಂದು ಬಿಲ್ಲೆ ಕೊಟ್ಟು ಗೇಟು ದಾಟಿದರು. ಯಾರೂ ಅವನ ಕಡೆ ನೋಡಲಿಲ್ಲ. ವರ್ಲಿ ತನ್ನ ಕಾರ್ಡನ್ನು ತಾನೇ ಬಿಚ್ಚಿ ಮೇಜಿನ ಮೇಲಿಟ್ಟಳು.

ಹ್ಯಾಡಕ್ ಬಿಲ್ಲೆಗಳನ್ನು ಎಣಿಸಿದ, ಮತ್ತೆ ಎಣಿಸಿದ.

"ಒಂದು ಕಮ್ಮಿ ಇದೆ. ಒಳಗೆ ಯಾರೋ ಉಳ್ಕೊಂಡಿದಾರೆ."

"ಹೌದು, ನಮ್ಮಮ್ಮ ಉಳ್ಕೊಂಡಿದಾಳೆ," ಎಂದಳು ವರ್ಲಿ. "ಬಿಲ್ಲೆ ಅವಳ ಹತ್ರಾನೇ ಇದೆ. ಅಗೆಯೋಕೆ ಅನುಮತಿ ತಗೊಂಡು ಬನ್ನಿ."