ಸಾಮಾನ್ಯ ನಿವಾಸಿ

ಬೆಳಗಾಗೆದ್ದು ಬಾಗಿಲು ಸಾರಿಸಿ ರಂಗೋಲಿ ಎಳೆಯುವವಳು ಆ ಮನೆಯವಳೇ ಎಂದು ನಾನು ತಿಳಿದಿದ್ದೆ. ನೀವೂ ಹಾಗೆಯೇ ತಿಳಿದಿರಬಹುದು. ಅಜ್ಜಂಪುರದ ನಮ್ಮ ಬೀದಿಯಲ್ಲಿ ಹಾಲಿನವನಿಗೂ ಹೂವಿನವಳಿಗೂ ನಾನು ಆ ಮನೆಯವಳೇ. ಅಲ್ಲವೆಂದವನು ಒಡಹುಟ್ಟಿದ ಅಣ್ಣ. ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಯಗಟಿಯಲ್ಲಿ ಗಂಡನೊಡನೆ ಬಾಳಲಾರದೆ ತವರಿಗೆ ಬಂದು ವರ್ಷಗಳೇ ಆದವು. ಓಟು ಮಾತ್ರ ಅಲ್ಲೇ ಉಳಿದಿತ್ತು. ಒಂದು ಚುನಾವಣೆಗೆ ಬಸ್ಸು ಹತ್ತಿ ಹೋದರೆ ಪಟ್ಟಿಯಲ್ಲಿ ನನ್ನ ಹೆಸರಿಲ್ಲ. ಇವಳು ಇಲ್ಲಿಲ್ಲವೆಂದು ಗಂಡ ಹೇಳಿದ್ದನಂತೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಇರುವಲ್ಲೇ ಹೆಸರು ಸೇರಿಸಿದರಾಯಿತೆಂದು ಊರಿಗೆ ಬಂದು ಅರ್ಜಿ ತಂದೆ. ವಯಸ್ಸು ಹದಿನೆಂಟು ತುಂಬಿರಬೇಕು, ಈ ದೇಶದ ಪ್ರಜೆಯಾಗಿರಬೇಕು, ಆ ಊರಿನ ಸಾಮಾನ್ಯ ನಿವಾಸಿಯಾಗಿರಬೇಕು. ಮೊದಲೆರಡಕ್ಕೆ ತೊಡಕಿಲ್ಲ, ಕಾಲು ಎಡವಿದ್ದು ಮೂರನೆಯದರಲ್ಲಿ. ಆಧಾರ್‌ನಲ್ಲೂ ಬ್ಯಾಂಕಿನ ಪಾಸ್‌ಬುಕ್ಕಿನಲ್ಲೂ ಯಗಟಿಯ ವಿಳಾಸ. ಇಲ್ಲಿಯ ಕರೆಂಟು ಬಿಲ್ಲು, ಮನೆ ಕಂದಾಯ ಎಲ್ಲವೂ ಅಣ್ಣನ ಹೆಸರಿನಲ್ಲಿ. ಒಲೆಯ ಮುಂದೆ ಬೆಂದವಳಿಗೆ ರಸೀದಿ ಕೊಡುವ ಪದ್ಧತಿ ಯಾವ ಮನೆಯಲ್ಲಿದೆ ಹೇಳಿ? ದಾಖಲೆ ಇಲ್ಲದಿದ್ದರೂ ಅರ್ಜಿ ಕೊಡಿ, ಮತಪಟ್ಟಿ ನೋಡಿಕೊಳ್ಳುವ ಬಿಎಲ್‌ಓ ಮನೆಗೇ ಬಂದು ವಿಚಾರಿಸುತ್ತಾರೆ ಎಂದು ಕಚೇರಿಯಲ್ಲಿ ಹೇಳಿದರು. ಸಂಬಂಧಿಕರ ಹೆಸರು ಕೇಳಿದ ಕಡೆ ಗಂಡನದನ್ನು ಬಿಟ್ಟು ಅವ್ವನ ಹೆಸರು ಬರೆದು ಕೊಟ್ಟೆ.

ನಮ್ಮ ಬೀದಿಯ ಬಿಎಲ್‌ಓ ಅಂಗನವಾಡಿ ಟೀಚರ್. ಅವರು ಬಂದಾಗ ಅಣ್ಣ ಜಗಲಿಯ ಮೇಲಿದ್ದ. ನಾನು ರೊಟ್ಟಿಯ ಹಿಟ್ಟು ಮೆತ್ತಿದ ಕೈಯಲ್ಲೇ ಹೊಸಿಲಿಗೆ ಬಂದೆ. ಇವರು ಇಲ್ಲೇ ಇರೋದಾ ಎಂದು ಟೀಚರ್ ಕೇಳಿದರು. ಅಣ್ಣ ನನ್ನ ಕಡೆ ನೋಡದೆ ಹೇಳಿದ:

“ಇಲ್ಲ ಟೀಚರೇ. ನೆಂಟ್ರ ಥರ ಬಂದು ಹೋಗ್ತಾಳೆ. ಅವಳ ಮನೆ ಯಗಟಿ.”

ಅಲ್ಲಿಲ್ಲವೆಂದು ಗಂಡ, ಇಲ್ಲಿಲ್ಲವೆಂದು ಅಣ್ಣ. ಹಾಗಾದರೆ ನಾನು ಕಾಲೂರಿದ್ದು ಯಾವ ನೆಲದ ಮೇಲೆ? ಅಣ್ಣನ ಅಂಜಿಕೆ ಏನೆಂದು ನನಗೆ ಗೊತ್ತು. ಈ ವಿಳಾಸಕ್ಕೆ ನನ್ನ ಹೆಸರು ಅಂಟಿದರೆ ನಾಳೆ ಮನೆಯಲ್ಲಿ ಪಾಲು ಕೇಳುತ್ತೇನೆಂದು ಅವನು ಅತ್ತಿಗೆಯ ಮುಂದೆ ಹಿಂದಿನ ದಿನವೇ ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಹಕ್ಕು ಬರುವುದು ಹುಟ್ಟಿನಿಂದ, ಓಟಿನ ಚೀಟಿಯಿಂದಲ್ಲ ಎಂಬಷ್ಟೂ ತಿಳಿಯದ ದಡ್ಡನೇನಲ್ಲ ಅವನು. ಆದರೂ ಹೆದರಿದ್ದ. ಹಿಟ್ಟಿನ ಕೈಯನ್ನು ಸಿಟ್ಟಿನಿಂದ ಸೆರಗಿಗೆ ಒರೆಸಿಕೊಂಡೆ. ಅತ್ತಿಗೆ ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದರು.

ಟೀಚರ್ ಪೆನ್ನು ಹಿಡಿದು ತಡವರಿಸುತ್ತಿದ್ದಾಗ ಅವ್ವ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ಮಗನ ಎದುರು ಅವಳು ಮಾತಾಡಿದ್ದನ್ನು ನಾನು ಅದುವರೆಗೆ ಕಂಡವಳಲ್ಲ.

“ನಂಗೆ ನೀರು ಹುಯ್ಯೋಳು, ತಲೆ ಬಾಚೋಳು ಇವಳೇ ಕಣವ್ವಾ,” ಅಂದಳು. “ನೆಂಟ್ರ ಕೈಲಿ ಯಾರಾದ್ರೂ ಇಂಥ ಕೆಲ್ಸ ಮಾಡುಸ್ತಾರಾ? ಇಲ್ಲೇ ಇದಾಳೆ ಅಂತ ಬರ್ಕೋ.”

ಟೀಚರ್ ಅಕ್ಕಪಕ್ಕದ ಎರಡು ಮನೆಗಳಲ್ಲೂ ವಿಚಾರಿಸಿ ಬರೆದುಕೊಂಡು ಹೋದರು. ಹೆಸರು ಬಂತು. ಅಣ್ಣ ಅಂದಿನಿಂದ ನನ್ನೊಡನೆ ಮಾತು ಬಿಟ್ಟ. ನಾನು ಸುಟ್ಟ ರೊಟ್ಟಿಯನ್ನೇನೂ ಬಿಡಲಿಲ್ಲ. ಹೆಸರು ಬಂದ ಸಂತೋಷ ನನಗಾಯಿತೇ ಎಂದು ಕೇಳುವಿರಿ. ಇಲ್ಲ. ನಾನು ಇದ್ದೇನೆಂದು ಹೇಳಲು, ನಡೆಯಲಾರದ ಅವ್ವ ಗೋಡೆ ಹಿಡಿದು ಬರಬೇಕಾಯಿತಲ್ಲ, ಅವಳೂ ಇಲ್ಲದಿದ್ದರೆ ಏನು ಗತಿ ಎಂಬ ಕುದಿ ಒಳಗೇ ಉಳಿಯಿತು. ತವರಿಗೆ ಮರಳಿದ ಎಷ್ಟು ಹೆಣ್ಣುಗಳು ಈ ಒಂದು ‘ಇಲ್ಲ’ಕ್ಕೆ ತಲೆಬಾಗಿ ಒಳಗೆ ಹೋಗಿರಬಹುದು!

ಮುಂದಿನ ಚುನಾವಣೆ ಬಂತು. ಓಟು ಕೇಳುವ ಹುಡುಗರು ಜಗಲಿಯಲ್ಲಿ ಕುಳಿತರು. ನಾನು ಅವರಿಗೆ ಕಾಫಿ ತರುವ ಹೊತ್ತಿಗೆ ಅಣ್ಣ ಗತ್ತಿನಿಂದ ಹೇಳುತ್ತಿದ್ದ, ನಮ್ಮ ಮನೆಯಲ್ಲಿ ನಾಲ್ಕು ಓಟು, ನಾಲ್ಕೂ ನಿಮಗೇ ಎಂದು. ಅವನು, ಅತ್ತಿಗೆ, ಅವ್ವ, ನಾಲ್ಕನೆಯವಳು ಯಾರು? ನಾನೇ! ಲೋಟಗಳನ್ನು ಕೆಳಗಿಟ್ಟೆ.

“ಮೂರು ಅಂತ ಲೆಕ್ಕ ಇಟ್ಕೊಳ್ರಪ್ಪ,” ಅಂದೆ. “ನನ್ ಓಟು ಯಾರಿಗೆ ಅಂತ ನಾನಿನ್ನೂ ಯಾರ ಹತ್ರಾನೂ ಹೇಳಿಲ್ಲ.”

ಅಣ್ಣನ ಮುಖ ಕೆಂಪಗಾಯಿತು. ಅವನು ಬಾಯಿ ತೆರೆಯುವ ಮೊದಲೇ ಬಾಗಿಲ ಮರೆಯಿಂದ ಅತ್ತಿಗೆಯ ದನಿ ಕೇಳಿಸಿತು.

“ನಂದೂ ಬಿಟ್ಟು ಎಣಿಸ್ಕೊಳಿ.”