ಮೊರಬದಲ್ಲಿ ಮಾತಿನ ಕೋಲು

ಬಸ್ಸಿಗೆ ಕಾಯುತ್ತ ಬರೆಯುತ್ತಿದ್ದೇನೆ, ಸಿಟ್ಟು ಇನ್ನೂ ಇಳಿದಿಲ್ಲ. ಕುಡಿಯುವ ನೀರಿನ ಕೆರೆಯ ಬಗ್ಗೆ ಮೊರಬದ ಚಾವಡಿಯಲ್ಲಿ ಸಭೆಯಿತ್ತು. ಜೊತೆಗಿದ್ದ ಧಾರವಾಡದ ಮಾಸ್ತರರು ಅಮೆರಿಕದ ಮೂಲನಿವಾಸಿಗಳ ಪದ್ಧತಿಯೆಂದು ಒಂದು ಕೋಲು ತಂದಿದ್ದರು. ಕೋಲು ಹಿಡಿದವರು ಮಾತಾಡಬೇಕು, ಉಳಿದವರು ಸುಮ್ಮನೆ ಕೇಳಬೇಕು.

ಗೌಡರು ಬಹಳ ಹೊತ್ತು ಹಿಡಿದುಕೊಂಡಿದ್ದರು. ದಲಿತರ ಕೇರಿಯ ದುರ್ಗವ್ವನ ಸರದಿ ಬಂದಾಗ ಕೋಲನ್ನು ಕೈಗೆ ಕೊಡದೆ ನೆಲಕ್ಕೆ ಎಸೆದರು. ಅವಳು ಎತ್ತಿಕೊಂಡಳು. "ನೀವು ಮ್ಯಾಲಿಂದ ನಮ್ಮ ಕೊಡದಾಗ ನೀರು ಸುರಿಯೂದು ಸಾಕಾತ್ರಿ. ಕೆರೀಗಿಳದು ನಾವ ಕೊಡ ತುಂಬಕೊಳ್ಳೂದು ಯಾವಾಗ?"

ಮಾತು ಮುಗಿಸಿ ಅವಳು ಕೋಲು ಚಾಚಿದರೆ ಒಂದು ಕೈಯೂ ಮುಂದೆ ಬರಲಿಲ್ಲ. ಥೂ, ಒಣ ಕಟ್ಟಿಗೆಗೂ ಮೈಲಿಗೆ!

ಗೌಡರು ಕೂತಲ್ಲಿಂದಲೇ ಏನೋ ಹೇಳಹೋದರು. ದುರ್ಗವ್ವ ಕೋಲು ಎತ್ತಿ ಹಿಡಿದಳು. "ಸುಮ್ನ ಕುಂದರ್ರಿ ಗೌಡ್ರ. ಯಾರರ ಇಸ್ಕೊಳ್ಳೂತನಕಾ ಮಾತು ನಂದ."