ಅತ್ತಿಗೆಯ ಕೈಗೆ ಬಂದ ತಟ್ಟೆ

ನಾಲ್ಕು ಜನರನ್ನು ಕೂರಿಸಿ ಅವರಿಂದ ಮಾತು ಹೊರಡಿಸುವುದು ಹೇಗೆಂದು ಯಾರಾದರೂ ನನಗೆ ಹೇಳಿಕೊಡಲು ಬಂದರೆ ಮೈ ಉರಿಯುತ್ತದೆ. ಹೆತ್ತೂರಿನಾಚೆಯ ನಮ್ಮೂರಲ್ಲಿ ನಮ್ಮಪ್ಪ ಸಭೆ ನಡೆಸುತ್ತಿದ್ದ ಹಾಗೆ ನಡೆಸಿದವರನ್ನು ನಾನು ಇವತ್ತಿನವರೆಗೂ ಕಂಡಿಲ್ಲ. ಅಷ್ಟು ಚೆನ್ನಾಗಿ ನಡೆದ ಸಭೆಯೇ ನಮ್ಮ ಅತ್ತಿಗೆಯನ್ನು ತಿಂದುಕೊಂಡಿತು.

ಬೇರೆ ಊರುಗಳಲ್ಲಿ ಎಲೆಯಡಿಕೆ ತಟ್ಟೆ ಮೊದಲು ಹಿರಿಯರ ಮುಂದೆ ಹೋಗುತ್ತಿತ್ತು. ಅವರೊಂದು ಮಾತಾಡಿದರೆ ಉಳಿದವರದ್ದು ಬರೀ ಹೂಂಗುಟ್ಟುವ ಕೆಲಸ. ಅಪ್ಪ ಅದನ್ನು ತಿರುಗಿಸಿಬಿಟ್ಟಿದ್ದ. ನಮ್ಮ ಜಗುಲಿಯಲ್ಲಿ ತಟ್ಟೆ ಕಿರಿಯರಿಂದ ಹೊರಟು ಕೂತ ಸಾಲಿನಲ್ಲೇ ಸಾಗಬೇಕು. ಅದು ಯಾರ ಕೈಲಿದೆಯೋ ಅವರದ್ದೇ ಮಾತು. ಎಂಥ ಪೆದ್ದು ಮಾತಾದರೂ ನಗುವ ಹಾಗಿಲ್ಲ, ನಡುವೆ ಬಾಯಿ ಹಾಕುವ ಹಾಗಿಲ್ಲ. ಹೇಳುವುದಿಲ್ಲದವರು ಒಂದು ಎಲೆ ತೆಗೆದುಕೊಂಡು ತಟ್ಟೆ ದಾಟಿಸಿದರೆ ಒಪ್ಪಿದೆ ಎಂದರ್ಥ. ಅಪ್ಪನದ್ದು ಎಲ್ಲರಿಗಿಂತ ಕೊನೆಗೆ. ಸಭೆಯಲ್ಲಿ ಬಾರದ ಮಾತನ್ನು ಆಮೇಲೆ ಹಿತ್ತಲಿಗೆ ಬಂದು ಕಿವಿಯಲ್ಲಿ ಊದಿದರೆ ಅವನು ಕೇಳುತ್ತಿರಲಿಲ್ಲ. ಉಳ್ಳವರು ಹಾಗೆ ಹಿಂಬಾಗಿಲಿಂದ ಬಂದು ಇಲ್ಲದವರ ಮಾತು ಮುರಿಯುವುದನ್ನು ಬೇಕಾದಷ್ಟು ನೋಡಿದ್ದ.

ಹೆಂಗಸರು ನಡುಮನೆಯ ಬಾಗಿಲಲ್ಲಿ ಕೂರುತ್ತಿದ್ದರು. ಮಾವನೆದುರು ಸೊಸೆ ದನಿ ಎತ್ತುವ ಕಾಲವಲ್ಲ ಅದು. ಅದಕ್ಕೂ ಅಪ್ಪ ಒಂದು ದಾರಿ ಮಾಡಿದ್ದ. ಯಾವ ಮನೆಯ ಸೊಸೆಯ ಕೈಗೆ ತಟ್ಟೆ ಬಂತೋ ಆ ಮನೆಯ ಮಾವ ಎದ್ದು ಅಂಗಳಕ್ಕಿಳಿಯಬೇಕು. ಮುದುಕರು ಗೊಣಗುತ್ತಲೇ ಇಳಿಯುತ್ತಿದ್ದರು. ಆ ಹೆಣ್ಣುಮಕ್ಕಳು ಆಡುತ್ತಿದ್ದ ಮಾತು ಕೇಳಿದರೆ, ಅಬ್ಬಾ, ಇಷ್ಟು ದಿನ ಇದನ್ನೆಲ್ಲ ಎಲ್ಲಿ ಇಟ್ಟುಕೊಂಡಿದ್ದರೋ ಅನ್ನಿಸುತ್ತಿತ್ತು.

ನಾನಿನ್ನೂ ಮದುವೆಯಾಗದ ಹುಡುಗಿ. ಆ ಬೇಸಗೆಯಲ್ಲಿ ಊರು ಕೂಡಿದ್ದು ಹೊಳೆಯ ವಿಷಯಕ್ಕೆ. ಮಳೆ ಹಿಡಿಯಿತೆಂದರೆ ನಮಗೂ ಲೋಕಕ್ಕೂ ಸಂಬಂಧ ಕಡಿಯುತ್ತಿತ್ತು. ಬಸುರಿಗೆ ನೋವು ಬಂದರೆ ಹೊಳೆ ದಾಟಿಸಿ ಸಕಲೇಶಪುರದ ಆಸ್ಪತ್ರೆ ಮುಟ್ಟಿಸುವುದು ಹೇಗೆ? ಆ ಮಳೆಗಾಲದಲ್ಲಿ ಊರಿನಲ್ಲಿ ಹೆರಬೇಕಾಗಿದ್ದವಳು ನನ್ನ ಅಣ್ಣನ ಹೆಂಡತಿ ಒಬ್ಬಳೇ. ಚೊಚ್ಚಲು. ತವರಿನಲ್ಲಿ ತಾಯಿ ಇರಲಿಲ್ಲ, ಹಾಗಾಗಿ ಬಾಣಂತನ ನಮ್ಮಲ್ಲೇ ಎಂದಾಗಿತ್ತು. ನಮ್ಮವ್ವ ತೀರಿಕೊಂಡ ಮೇಲೆ ನನ್ನ ತಲೆ ಬಾಚಿದವಳು, ನನ್ನ ಸಿಟ್ಟು ನೋಡಿ ನನ್ನನ್ನು ಮೆಣಸಿನಕಾಯಿ ಎಂದು ಕರೆಯುತ್ತಿದ್ದವಳು ಅವಳು.

ತಟ್ಟೆ ಹೊರಟಿತು. ಒಬ್ಬ ಹಗ್ಗ ಕಟ್ಟೋಣ ಎಂದ. ಇನ್ನೊಬ್ಬ ಹರಿಗೋಲು ತರಿಸೋಣ ಎಂದ. ಬಿಸಿಲೆ ಕಡೆ ಮರ ಎಳೆಯುವ ಆನೆಯನ್ನು ಮಳೆಗಾಲ ಪೂರ್ತಿ ಇಲ್ಲೇ ಕಟ್ಟಿಕೊಳ್ಳೋಣ ಎಂದಳು ಒಬ್ಬಾಕೆ. ಅದಕ್ಕೂ ಯಾರೂ ನಗಲಿಲ್ಲ. ಹೊಳೆಗೆ ಅಡ್ಡಲಾಗಿ ದಿಮ್ಮಿ ಹಾಸಿ ಗಟ್ಟಿಯಾದ ಕಾಲುಸಂಕ ಮಾಡೋಣ ಎಂಬ ಮಾತು ಬಂದಾಗ ಎಲ್ಲರ ಮುಖ ಅರಳಿತು. ಆಮೇಲೆ ತಟ್ಟೆ ಅತ್ತಿಗೆಯ ಕೈಗೆ ಬಂತು. ಸಭೆ ನಡೆಸುವವನನ್ನೇ ಏಳು ಎನ್ನುವವರು ಯಾರು? ಅಪ್ಪನಿಗೆ ತಾನೂ ಒಬ್ಬ ಮಾವ ಎಂಬುದು ಹೊಳೆಯಲೇ ಇಲ್ಲ. ಮಣೆಯ ಮೇಲೆ ಕೂತೇ ಇದ್ದ. ಅತ್ತಿಗೆ ತಟ್ಟೆಯನ್ನು ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದಳು. ಆಮೇಲೆ ಒಂದು ಎಲೆ ತೆಗೆದುಕೊಂಡು ನನಗೆ ದಾಟಿಸಿದಳು. ಸಂಕವೇ ಸರಿ ಎಂದು ತೀರ್ಮಾನವಾಯಿತು.

ಮಾರನೆಯ ದಿನ ನನ್ನ ತಲೆಗೆ ನೀರು ಹಾಕುತ್ತ ಅವಳು ಹೇಳಿದಳು: “ಹೊಳೆ ದಾಟ್ಸೋದ್ಯಾಕೆ ಕಣೇ? ಬಸುರೀನ ಮಳೆಗೆ ಮುಂಚೇನೇ ಆ ಕಡೀಕೆ ಕಳಿಸ್ಬುಟ್ರೆ ಆಗಲ್ವಾ?”

ನಮ್ಮ ಏಲಕ್ಕಿ ಕೊಳ್ಳುತ್ತಿದ್ದ ಸಾಬರ ಮನೆ ಪೇಟೆಯಲ್ಲಿ ಆಸ್ಪತ್ರೆಯ ಹತ್ತಿರವೇ ಇತ್ತು. ಆ ಮನೆಯಾಕೆ, ಹೆರಿಗೆಗೆ ಇಲ್ಲಿಗೇ ಬಂದುಬಿಡಮ್ಮ ಎಂದು ಅವಳನ್ನು ಎಷ್ಟೋ ಸಲ ಕರೆದಿದ್ದರಂತೆ. ಒದ್ದೆ ತಲೆಯಲ್ಲೇ ಅಪ್ಪನ ಹತ್ತಿರ ಓಡಿ ಹೇಳಿದೆ. ಅಪ್ಪ ತಲೆ ಒರೆಸಿಕೊಳ್ಳಲು ಹೆಗಲ ಮೇಲಿನ ಟವೆಲು ಕೊಟ್ಟ.

“ಮಾತು ಚೆನ್ನಾಗೈತೆ. ಆದ್ರೆ ಸಭೇಲಿ ಬರಲಿಲ್ವಲ್ಲ. ನನ್ ಮನೆ ಸೊಸೇನ ನಾನೇ ಆಚೀಕೆ ಕಳಿಸ್ಬುಟ್ರೆ, ನಾಳೆ ಸಂಕ ಕಟ್ಟಾಕೆ ಯಾರ್ ಬತ್ತಾರೆ?”

ಕಾಲಿಗೆ ಬಿದ್ದೆ, ಜಗಳವಾಡಿದೆ, ಎರಡು ದಿನ ಉಣ್ಣಲಿಲ್ಲ. ಅವನು ಜಗ್ಗಲಿಲ್ಲ. ಅಣ್ಣನಿಗೆ ಹೇಳಿದರೆ ಕಾಲ್ಬೆರಳಲ್ಲಿ ನೆಲ ಕೆರೆಯುತ್ತ ನಿಂತ. ಅಪ್ಪನೆದುರು ಬಾಯಿ ಬಿಡುವ ಗಂಡಸಲ್ಲ ಅವನು. ಇಡೀ ಊರು ಹಾಡಿಕೊಂಡು ದಿಮ್ಮಿ ಎಳೆಯಿತು. ಎಳೆದವರಿಗೆಲ್ಲ ರೊಟ್ಟಿ ತಟ್ಟಿದವಳು ಅತ್ತಿಗೆ.

ಪುನರ್ವಸು ಮಳೆಯಲ್ಲಿ ಒಂದು ಬೆಳಿಗ್ಗೆ ಅವಳಿಗೆ ನೋವು ಬಂತು. ಕುರ್ಚಿಗೆ ಬಿದಿರು ಕಟ್ಟಿ ಹೊತ್ತರು. ಅಪ್ಪ ಮುಂದೆ, ನಾನು ಪಕ್ಕದಲ್ಲಿ. ಅವಳ ದಿನ ತುಂಬಿದ್ದರಿಂದ ದಿನಾ ಬೆಳಿಗ್ಗೆ ಬಂದು ನಿಲ್ಲಲು ಅಪ್ಪ ಮೊದಲೇ ಹೇಳಿಟ್ಟಿದ್ದ ಎಸ್ಟೇಟಿನ ಜೀಪು ಆಚೆ ದಡದಲ್ಲಿ ನಿಂತಿತ್ತು. ನಡುವೆ ಸಂಕವಿರಲಿಲ್ಲ. ಹಿಂದಿನ ದಿನ ಸಂಜೆಯವರೆಗೂ ಇದ್ದದ್ದನ್ನು ಹೊಳೆ ಎಳೆದುಕೊಂಡು ಹೋಗಿತ್ತು. ಹೊತ್ತವರು ಕುರ್ಚಿ ಇಳಿಸಲೂ ತೋಚದೆ ನಿಂತರು. ಅತ್ತಿಗೆ ಆ ಜೀಪನ್ನು ನೋಡಿದಳು, ಆಮೇಲೆ ತಲೆಯ ಮೇಲಿನ ಸೆರಗು ಜಾರಿಬಿದ್ದರೂ ಸರಿಪಡಿಸಿಕೊಳ್ಳದೆ, ನಮ್ಮನೆಗೆ ಬಂದ ಮೇಲೆ ಮೊದಲ ಸಲ ಅಪ್ಪನನ್ನು ನೇರವಾಗಿ ಮಾತಾಡಿಸಿದಳು.

“ಮಾವ, ಮನೀಗೆ ಹೋಗಾನ.”

ಸಂಜೆಯೊಳಗೆ ಅವಳೂ ಹೋದಳು, ಮಗುವೂ ಹೋಯಿತು. ಇಷ್ಟು ವರ್ಷವಾದರೂ ಆ ಸಂಕಟ ಇಳಿದಿಲ್ಲ. ಅಪ್ಪನ ಮೇಲೆ ಸಿಟ್ಟೂ ಇಳಿದಿಲ್ಲ, ಅವನ ಮುಖ ನೆನೆದರೆ ಅಳು ಬರುವುದೂ ನಿಂತಿಲ್ಲ.

ಮುಂದಿನ ವರ್ಷದ ಮಳೆಗೆ ಮುಂಚೆ ಊರು ಮತ್ತೆ ಕೂಡಿತು. ಅಪ್ಪನೇ ತಟ್ಟೆ ಹೊರಡಿಸಿದ. ಬಸುರಿಯರನ್ನು ಮೊದಲೇ ಪೇಟೆಗೆ ಕಳಿಸಬೇಕೆಂದು ಈ ಸಲ ಹೆಂಗಸರೇ ಒಬ್ಬೊಬ್ಬರಾಗಿ ಹೇಳಿದರು. ತಟ್ಟೆ ಬಾಗಿಲ ಪಕ್ಕ, ಅತ್ತಿಗೆ ಕೂರುತ್ತಿದ್ದ ಜಾಗಕ್ಕೆ ಬಂತು. ಅಲ್ಲಿ ಯಾರೂ ಕೂತಿರಲಿಲ್ಲ. ನಾನು ಅದನ್ನು ದಾಟಿಸಿಬಿಡಲು ಕೈ ಚಾಚಿದೆ. ಅಷ್ಟರಲ್ಲಿ ಅಪ್ಪ ಮಣೆಯಿಂದೆದ್ದು ಅಂಗಳಕ್ಕಿಳಿದು ನಮಗೆ ಬೆನ್ನು ಹಾಕಿ ನಿಂತ. ನಿಮ್ಮನೇಲಿ ಈಗ ಸೊಸೆ ಇಲ್ಲವಲ್ಲ ಯಜಮಾನರೇ, ಮೇಲೆ ಬನ್ನಿ ಎಂದು ಯಾರೋ ಮೆಲ್ಲಗೆ ಕರೆದರು.

“ಅವ್ಳ ಸರದಿ ಮುಗೀಲಿ, ಬತ್ತೀನಿ,” ಎಂದ.

ತಟ್ಟೆಯನ್ನು ಆ ಬರಿಯ ಚಾಪೆಯ ಮೇಲಿಟ್ಟೆ. ಯಾರೂ ನಡುವೆ ಬಾಯಿ ಹಾಕಲಿಲ್ಲ.